ಸುಲಿಗೆ, ಕೊಳ್ಳೆ, ಲೂಟಿ: ದೋಚಿದ್ದು ಪದದಲ್ಲಿ ಉಳಿದ ಬಗೆ

ತಿಪಟೂರು ಸೀಮೆಯಲ್ಲಿ ಕಾಯಿ ಸುಲಿಯುವವರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿಯನ್ನು ಬಲವಾಗಿ ಕುಕ್ಕಿ, ಮಣಿಕಟ್ಟು ತಿರುವಿ, ನಾಲ್ಕೇ ಏಟಿಗೆ ಮಟ್ಟೆಯನ್ನೆಲ್ಲ ಕಿತ್ತು ಹಾಕುತ್ತಾರೆ. ‘ಸುಲಿಗೆ’ ಎಂಬ ಮಾತು ಹುಟ್ಟಿದ್ದು ಇದೇ ‘ಸುಲಿ’ ಎಂಬ ಧಾತುವಿನಿಂದ. ಮೊದಲು ಸಿಪ್ಪೆ ಸುಲಿ, ತೊಗಲು ಸುಲಿ. ಆಮೇಲೆ ದಾರಿಹೋಕನ ಮೈಮೇಲಿನ ಒಡವೆ ವಸ್ತ್ರ ಸುಲಿ. ಈಗ ಹಬ್ಬದ ದಿನ ಮೂರು ಪಟ್ಟು ದರ ಕೇಳುವ ಬಸ್ಸಿನವರದೂ ಸುಲಿಗೆಯೇ.

ಈ ಪದವನ್ನು ಫ್ರೆಂಚಿಗೆ ಒಯ್ಯಬೇಕೆಂದರೆ ಯಾವ ನಿಘಂಟು ತೆರೆದರೂ ‘ಪಿಯಾಜ್’ ಎಂಬ ಪದ ಸಿಗುತ್ತದೆ. ಸೈನ್ಯ ಊರಿಗೆ ನುಗ್ಗಿ ಲೂಟಿ ಮಾಡುವುದಕ್ಕೆ ಅದು ಸರಿ. ಸುಲಿಗೆಗೆ ಸರಿಜೋಡಿ ಮಾತ್ರ ‘ದೆಪುಯೆ’ ಎಂಬ ಕ್ರಿಯಾಪದ. ಬೇಟೆಯಾಡಿದ ಮೊಲದ ಚರ್ಮ ಸುಲಿಯುವುದಕ್ಕೂ ಅದೇ ಮಾತು, ಮನುಷ್ಯನ ಆಸ್ತಿ ಕಿತ್ತುಕೊಳ್ಳುವುದಕ್ಕೂ ಅದೇ ಮಾತು. ಅದರ ಬೇರು ಲ್ಯಾಟಿನ್ನಿನ ‘ಸ್ಪೋಲಿಯಂ’. ಪ್ರಾಣಿಯಿಂದ ಸುಲಿದ ತೊಗಲಿಗಿದ್ದ ಆ ಹೆಸರು, ಸತ್ತ ಶತ್ರುವಿನ ಮೈಯಿಂದ ಕಳಚಿದ ಕವಚಕ್ಕೂ, ಆಮೇಲೆ ಯುದ್ಧದಲ್ಲಿ ದೋಚಿದ ಎಲ್ಲದಕ್ಕೂ ಬಂತು. ಕನ್ನಡ ದ್ರಾವಿಡ ಭಾಷೆ, ಲ್ಯಾಟಿನ್ ಮತ್ತು ಫ್ರೆಂಚ್ ಇಂಡೋ-ಯುರೋಪಿಯನ್ ಬಳಗದವು. ‘ಸುಲಿ’ಗೂ ‘ಸ್ಪೋಲಿಯಂ’ಗೂ ನಂಟಿಲ್ಲ. ಆದರೂ ಎರಡೂ ಒಂದೇ ದಾರಿ ಹಿಡಿದು ಒಂದೇ ಅರ್ಥಕ್ಕೆ ಬಂದು ಮುಟ್ಟಿವೆ.

ಎರಡು ಭಾಷೆಗಳಲ್ಲಿ ಹೋಲಿಕೆ ಕಂಡಾಗ ಭಾಷಾವಿಜ್ಞಾನಿ ಮೊದಲು ಕೇಳುವ ಪ್ರಶ್ನೆ ಇದೇ: ಇದು ಕಡವೋ, ಒಂದೇ ಬೇರಿನದೋ, ಅಥವಾ ಬೇರೆ ಬೇರೆಯಾಗಿ ಹುಟ್ಟಿದ್ದೋ? ಕಡ ಬಂದ ಪದ ತನ್ನ ಸದ್ದನ್ನೂ ಜೊತೆಗೆ ತರುತ್ತದೆ. ಒಂದೇ ಬೇರಿನ ಪದಗಳ ನಡುವೆ ಸದ್ದಿನ ವ್ಯತ್ಯಾಸಕ್ಕೂ ಒಂದು ನಿಯಮವಿರುತ್ತದೆ. ಸದ್ದಿಗೆ ಸದ್ದು ಕೂಡದೆ ಅರ್ಥದ ನಡಿಗೆ ಮಾತ್ರ ಕೂಡಿದರೆ, ಮನುಷ್ಯರ ಅನುಭವ ಎರಡು ಕಡೆ ಒಂದೇ ಥರ ಇತ್ತು ಎಂದು ತಿಳಿಯಬೇಕು. ನನಗೆ ಈ ಮೂರನೆಯ ಬಗೆಯೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಕಡಕ್ಕೆ ಉದಾಹರಣೆ ‘ಲೂಟಿ’. ಸಂಸ್ಕೃತದ ಲುಂಟ್, ಲುಂಠನ. ಅಲ್ಲಿಂದ ಅನುಸ್ವಾರ ಬಿದ್ದು, ಅದರ ಬದಲಿಗೆ ಸ್ವರ ದೀರ್ಘವಾಗಿ ಹಿಂದಿಯ ಲೂಟ್. ಇಂಗ್ಲಿಷಿನವರು ಅದನ್ನು 18ನೇ ಶತಮಾನದಲ್ಲಿ ಎತ್ತಿಕೊಂಡರು. 1788ರಲ್ಲಿ ಅಚ್ಚಾದ ಭಾರತೀಯ ಪದಗಳ ಒಂದು ಕೋಶದಲ್ಲಿ ಅದು ಸೇರಿದೆ. ಆ ಪದ ಅವರ ಬಾಯಲ್ಲಿ ನೆಲೆಯಾದ ವರ್ಷಗಳಲ್ಲಿ ಅವರ ದಂಡು ಓಡಾಡಿದ್ದು ನಮ್ಮ ಈ ಕೋಲಾರದ ಬಯಲಿನಲ್ಲೂ ಹೌದು. 1768ರಲ್ಲಿ ಕೋಲಾರ ಮತ್ತು ಮುಳಬಾಗಿಲು, 1791ರ ಅಕ್ಟೋಬರಿನಲ್ಲಿ ನಂದಿದುರ್ಗ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಹಗುರ ಕುದುರೆ ಸವಾರರನ್ನು ಅವರು ‘ಲೂಟಿವಾಲಾ’ ಎಂದು ಬರೆದಿಟ್ಟರು. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಮನೆಮನೆಗೆ ನುಗ್ಗಿದವರು ಅವರದೇ ಸೈನಿಕರು. ಆಮೇಲೆ ಅಧಿಕಾರಿಗಳು ಲೆಕ್ಕ ಬರೆದು ಹಂಚಿಕೊಂಡದ್ದಕ್ಕೆ ಲೂಟಿ ಎನ್ನದೆ ‘ಪ್ರೈಜ್’ ಎಂದರು. ಟಿಪ್ಪುವಿನ ಸಿಂಹಾಸನ ಚೂರುಚೂರಾಗಿ ಹೋದದ್ದು ಆ ಮರ್ಯಾದಸ್ಥ ಹೆಸರಿನಡಿಯಲ್ಲಿ. ಇದನ್ನು ನಾವು ಮರೆಯಬಾರದು.

ನಮ್ಮದೇ ಹಳೆಯ ಪದ ‘ಕೊಳ್ಳೆ’. ಅದರ ಧಾತು ‘ಕೊಳ್’, ತೆಗೆದುಕೊಳ್ಳುವುದು. ಸಂತೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಕತ್ತಿ ತೋರಿಸಿ ಕೊಳ್ಳುವುದೂ ಒಂದೇ ಕೊಳ್. ತೆಲುಗಿನ ‘ಕೊಲ್ಲಗೊಟ್ಟು’, ತಮಿಳಿನ ‘ಕೊಳ್ಳೈ’ ಇದರ ಒಡಹುಟ್ಟುಗಳು. ಮೂರು ಭಾಷೆಯೂ ಕಿವಿಗೆ ಬೀಳುವ ಕೋಲಾರದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದೇ ಕೊಳ್ ದೀರ್ಘವಾಗಿ ‘ಕೋಳ್’ ಆಗಿ, ದನ ಎಂಬರ್ಥದ ‘ತುರು’ವಿನೊಂದಿಗೆ ಸೇರಿ ‘ತುರುಗೋಳ್’, ಅಂದರೆ ದನಗಳ ಕೊಳ್ಳೆ, ಆಯಿತು. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಕಕಾರ ಗಕಾರವಾಗುವ ಆದೇಶ ಸಂಧಿಯೇ ಇಲ್ಲೂ.

ತುರುಗೋಳನ್ನು ಕಣ್ಣಾರೆ ನೋಡಬೇಕಿದ್ದರೆ ವೀರಗಲ್ಲುಗಳ ಮುಂದೆ ನಿಲ್ಲಬೇಕು. ಕೋಲಾರ, ಚಿಕ್ಕಬಳ್ಳಾಪುರದ ಊರುಗಳಲ್ಲಿ ಕೆರೆ ಏರಿಯ ಪಕ್ಕ, ಗುಡಿಯ ಬೆನ್ನಿಗೆ ಅವು ಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಬಾಗಿಸಿದ ಒಬ್ಬ, ಎದುರಿಗೆ ಬಾಣಗಳು, ಬದಿಯಲ್ಲಿ ಒಂದರ ಮೇಲೊಂದು ಜೋಡಿಸಿದಂತೆ ಕೆತ್ತಿದ ದನಗಳು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗ, ಸೂರ್ಯ, ಚಂದ್ರ. ಕಲ್ಲಿನ ಬರಹದಲ್ಲಿ ‘ತುಱುವಂ ಮಗುಳ್ಚಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಹಿಂತಿರುಗಿಸಿ, ಸತ್ತ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು; ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಶಾಸನ ಸಂಗ್ರಹಕಾರ ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚು ಹಾಕಿಸಿದರು. ಆ ಸಂಪುಟದಲ್ಲಿ ಇಂಥ ಕಲ್ಲುಗಳ ಬರಹ ಹೇರಳವಾಗಿದೆ. ಗಂಗ, ಬಾಣ, ನೊಳಂಬ ಮನೆತನಗಳ ಅರಸರು ಒಬ್ಬರ ಗಡಿಗೆ ಒಬ್ಬರು ಒತ್ತಿ ಬದುಕಿದ ನೆಲ ಇದು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬಯಲಿನಲ್ಲಿ ದನವೇ ಸಂಪತ್ತು. ಧಾನ್ಯದ ಮೂಟೆಯನ್ನು ಹೊರಬೇಕು, ದನ ತಾನೇ ನಡೆದು ಬರುತ್ತದೆ.

ತುರುಗೋಳಿಗೂ ಫ್ರೆಂಚಿನಲ್ಲಿ ಜೋಡಿಯಿದೆ: ‘ರಜ್ಜಿಯಾ’. ಅಲ್ಜೀರಿಯಾವನ್ನು ಗೆಲ್ಲುವ ಕಾಲದಲ್ಲಿ, ಸುಮಾರು 1840ರ ಹೊತ್ತಿಗೆ, ಅಲ್ಲಿನ ಅರಬ್ಬಿಯಿಂದ ಫ್ರೆಂಚರು ಕಡ ತಂದ ಪದ. ಒಂದು ಬುಡಕಟ್ಟು ಇನ್ನೊಂದರ ಒಂಟೆ, ಕುರಿಗಳ ಮೇಲೆ ಎರಗಿ ಹೊಡೆದುಕೊಂಡು ಹೋಗುವ ದಾಳಿಗೆ ಅಲ್ಲಿ ಅದೇ ಹೆಸರು. ತುರುಗೋಳನ್ನು ಅನುವಾದಿಸುವವರು ಪಿಯಾಜ್ ಎಂದು ಬರೆದರೆ ದನ ಕಳೆದುಹೋಗುತ್ತದೆ.

ಯುರೋಪಿನ ಚಳಿಯಲ್ಲಿ ಬೆಲೆಯಿದ್ದದ್ದು ಬಟ್ಟೆಗೆ. ಫ್ರೆಂಚಿನ ‘ರೋಬ್’ ಈಗ ಹೆಂಗಸರ ಉಡುಪು. ಫ್ರಾಂಕ್ ಜನರ ನುಡಿಯಿಂದ ಬಂದ ಆ ಪದಕ್ಕೆ ಮೂಲದಲ್ಲಿ ‘ದೋಚಿದ್ದು’ ಎಂದೇ ಅರ್ಥ. ಇಂಗ್ಲಿಷಿನ ರಾಬರಿಯೂ ಅದೇ ಬೇರಿನದು.

ಕೊನೆಗೆ ‘ಸೂರೆ’. ತಮಿಳಿನಲ್ಲಿ ‘ಸೂರೈ’ ಎಂದರೆ ಕೊಳ್ಳೆಯೂ ಹೌದು, ಸುಂಟರಗಾಳಿಯೂ ಹೌದು. ಕೆಜಿಎಫ್‌ನಲ್ಲಿ ಯಾರನ್ನು ಕೇಳಿದರೂ ಸೂರೈಕಾಟ್ರು ಎಂದರೇನೆಂದು ಹೇಳುತ್ತಾರೆ. ಕನ್ನಡದಲ್ಲಿ ಊರು ಸೂರೆಯಾಗುವುದು ಹಳೆಯ ಮಾತಾಯಿತು. ಈಗ ನಾಟಕವೋ ಸಂಗೀತವೋ ಜನಮನ ಸೂರೆಗೊಳ್ಳುತ್ತದೆ. ಫ್ರೆಂಚಿನ ‘ರಾವೀರ್’ ಕೂಡ ಹೀಗೇ: ಬಲವಂತವಾಗಿ ಹೊತ್ತೊಯ್ಯುವುದು ಒಂದು ಅರ್ಥ, ಮನಸ್ಸನ್ನು ಮರುಳು ಮಾಡುವುದು ಇನ್ನೊಂದು. ಪ್ಯಾರಿಸ್ಸಿನವರು ಚೆಲುವಾದದ್ದನ್ನು ಹೊಗಳುವಾಗ ಹೇಳುವ ‘ರಾವಿಸ್ಸಾಂ’ ಈ ಕ್ರಿಯಾಪದದ್ದೇ ರೂಪ. ನಮ್ಮ ‘ಮನಸೂರೆಗೊಳ್ಳುವ’ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಅನುವಾದ ಸಿಗದು.