ಪಟ್ಟು ಯಾವುದು, ಅಗತ್ಯ ಯಾವುದು: ಶಾಂತಿ ಸಂಶೋಧನೆಯ ಸ್ನಾತಕೋತ್ತರ ಓದು

ಶಾಂತಿ ಮತ್ತು ಸಂಘರ್ಷ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಬಯಸುವವರ ಪ್ರವೇಶ ಪತ್ರಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಬಹುಪಾಲು ಪತ್ರಗಳಲ್ಲಿ ಒಂದು ನೋವಿರುತ್ತದೆ; ಅದರ ಜೊತೆಯಲ್ಲೇ ಸಿದ್ಧವಾದ ಒಂದು ಪರಿಹಾರವೂ ಇರುತ್ತದೆ. ನೋವು ಈ ಓದಿಗೆ ಬೇಕೇ ಬೇಕು, ಅದಿಲ್ಲದವರು ಇಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಪರಿಹಾರವನ್ನು ಮಾತ್ರ ಮೊದಲ ವರ್ಷದ ಮಟ್ಟಿಗೆ ಬದಿಗಿಡಿ ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಸಂಘರ್ಷವನ್ನು ಅದರಲ್ಲಿ ಸಿಲುಕಿದವರು ಕಾಣುವಂತೆ ಕಾಣಲು ಕಲಿಯುವ ಮುನ್ನ ಅದನ್ನು ಬಗೆಹರಿಸಲು ಹೊರಡುವುದು ಈ ಕ್ಷೇತ್ರದಲ್ಲಿ ಅತ್ಯಂತ ಹಾನಿಕರವಾದ ಅಭ್ಯಾಸ.

ಈ ಶಿಸ್ತಿನ ಹುಟ್ಟಿನಲ್ಲೇ ಆ ಸಂಯಮವಿದೆ. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸಿದ, ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರ್ ಪಂಥದ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್, ಯುದ್ಧಗಳನ್ನು ಖಂಡಿಸುತ್ತ ಕೂರದೆ ಅವುಗಳನ್ನು ಎಣಿಸಿ, ಸಾವಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿ, ಶಸ್ತ್ರಾಸ್ತ್ರ ಪೈಪೋಟಿಯನ್ನು ಗಣಿತದ ಸಮೀಕರಣಗಳಲ್ಲಿ ಬರೆಯಲು ಯತ್ನಿಸಿದರು. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸಂಘರ್ಷ ಪರಿಹಾರಕ್ಕೇ ಮೀಸಲಾದ ವಿದ್ವತ್ ಪತ್ರಿಕೆ ಹೊರಟಿತು. 1959ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಯೊಹಾನ್ ಗಾಲ್ಟುಂಗ್ ಮತ್ತು ಸಂಗಡಿಗರು ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು.

ಎಣಿಕೆಯ ಪಾಠ ವಿದ್ಯಾರ್ಥಿಗಳಿಗೆ ರುಚಿಸುವುದಿಲ್ಲ. ಸ್ವೀಡನ್‌ನ ಉಪ್ಸಲಾ ವಿಶ್ವವಿದ್ಯಾಲಯದ ದತ್ತಾಂಶ ಯೋಜನೆ, ಸರ್ಕಾರವೊಂದು ಪಕ್ಷವಾಗಿರುವ ಸಶಸ್ತ್ರ ಕಾದಾಟದಲ್ಲಿ ಒಂದು ಕ್ಯಾಲೆಂಡರ್ ವರ್ಷದೊಳಗೆ ಕನಿಷ್ಠ 25 ಮಂದಿ ಸತ್ತರೆ ಅದನ್ನು ಸಶಸ್ತ್ರ ಸಂಘರ್ಷವೆಂದೂ, ಸಾವು 1,000 ಮುಟ್ಟಿದರೆ ಯುದ್ಧವೆಂದೂ ಗುರುತಿಸುತ್ತದೆ. ಇಪ್ಪತ್ತನಾಲ್ಕನೆಯ ಸಾವಿಗೆ ಬೆಲೆಯಿಲ್ಲವೇ ಎಂಬ ಪ್ರಶ್ನೆ ಪ್ರತಿ ವರ್ಷವೂ ತರಗತಿಯಲ್ಲಿ ಏಳುತ್ತದೆ, ಏಳಲೇಬೇಕು. ಗೆರೆಯನ್ನು ಎಲ್ಲೋ ಒಂದು ಕಡೆ ಎಳೆದು, ಎಲ್ಲಿ ಎಳೆದಿದ್ದೇವೆ ಎಂದು ಬಹಿರಂಗವಾಗಿ ಹೇಳಿದಾಗ ಮಾತ್ರ ಎರಡು ದೇಶಗಳನ್ನು, ಎರಡು ದಶಕಗಳನ್ನು ಹೋಲಿಸಲು ಸಾಧ್ಯ ಎಂಬುದು ನನ್ನ ಉತ್ತರ. ಆ ಗೆರೆಯ ಹೊರಗೆ ಉಳಿಯುವುದನ್ನು ಹಿಡಿಯಲು ಬೇರೆ ಪರಿಕಲ್ಪನೆಗಳಿವೆ. ಗುಂಡು ಹಾರದೆಯೂ, ತಪ್ಪಿಸಬಹುದಾಗಿದ್ದ ಹಸಿವು ಮತ್ತು ರೋಗಗಳಿಂದ ಜನ ಸಾಯುವಂತೆ ಸಮಾಜದ ರಚನೆಯೇ ಇದ್ದರೆ ಅದೂ ಹಿಂಸೆಯೇ ಎಂದು ಗಾಲ್ಟುಂಗ್ 1969ರಲ್ಲಿ ವಾದಿಸಿದರು. ರಾಚನಿಕ ಹಿಂಸೆ ಎಂಬ ಈ ಪರಿಕಲ್ಪನೆ ಪ್ರಬಲವಾದದ್ದು, ಆದ್ದರಿಂದಲೇ ಅಪಾಯಕಾರಿಯೂ ಹೌದು. ಎಲ್ಲ ಅನ್ಯಾಯವನ್ನೂ ಹಿಂಸೆ ಎಂದು ಕರೆದುಬಿಟ್ಟರೆ ಯಾವುದು ಯಾವುದಕ್ಕೆ ಕಾರಣ ಎಂದು ಪರಿಶೀಲಿಸುವ ದಾರಿಯೇ ಮುಚ್ಚಿಹೋಗುತ್ತದೆ. ಎರಡೂ ಅಳತೆಗೋಲುಗಳನ್ನು ಕೈಯಲ್ಲಿಟ್ಟುಕೊಂಡು, ಯಾವ ಪ್ರಶ್ನೆಗೆ ಯಾವುದು ಎಂದು ತಿಳಿದಿರುವ ವಿದ್ಯಾರ್ಥಿಯ ಪ್ರಬಂಧವನ್ನು ನಾನು ಸಂತೋಷದಿಂದ ಓದುತ್ತೇನೆ.

ಸಂಧಾನದ ಪಾಠಗಳಲ್ಲಿ ಎಲ್ಲರೂ ಬೇಗ ಗ್ರಹಿಸುವುದು ಪಟ್ಟು ಮತ್ತು ಅಗತ್ಯಗಳ ನಡುವಿನ ವ್ಯತ್ಯಾಸವನ್ನು: ಬಾಯಿಬಿಟ್ಟು ಹಿಡಿಯುವ ಬೇಡಿಕೆ ಪಟ್ಟು, ಅದರ ಹಿಂದೆ ನಿಜವಾಗಿ ಬೇಕಾಗಿರುವುದು ಅಗತ್ಯ. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಮಾತುಕತೆಯಲ್ಲಿ, ಇಸ್ರೇಲ್ ವಶದಲ್ಲಿದ್ದ ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ನಕ್ಷೆಯ ಮೇಲೆ ಎಲ್ಲಿ ಗೆರೆ ಎಳೆದರೂ ಈಜಿಪ್ಟ್ ಅಥವಾ ಇಸ್ರೇಲ್ ಒಪ್ಪುತ್ತಿರಲಿಲ್ಲ. ಈಜಿಪ್ಟಿಗೆ ಬೇಕಿದ್ದದ್ದು ತನ್ನ ನೆಲದ ಮೇಲಿನ ಸಾರ್ವಭೌಮತ್ವ, ಇಸ್ರೇಲಿಗೆ ಬೇಕಿದ್ದದ್ದು ಗಡಿಯ ಪಕ್ಕದಲ್ಲಿ ಟ್ಯಾಂಕುಗಳಿಲ್ಲದ ಭದ್ರತೆ. ನೆಲ ಪೂರ್ತಿ ಮರಳಿತು, ಅದರ ಬಹುಭಾಗದಲ್ಲಿ ಸೇನೆಗೆ ಮಿತಿ ಬಿತ್ತು, 1982ರ ಏಪ್ರಿಲ್‌ನಲ್ಲಿ ಇಸ್ರೇಲ್ ಹಿಂದೆಗೆಯಿತು. ಈ ಉದಾಹರಣೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಅದೇ ಮಾತುಕತೆಯಲ್ಲಿ ಪ್ಯಾಲೆಸ್ಟೀನ್ ಪ್ರಶ್ನೆ ಬಗೆಹರಿಯದೆ ಉಳಿಯಿತು ಎಂಬುದನ್ನು ವಿದ್ಯಾರ್ಥಿಗಳು ಮರೆತೇಬಿಡುತ್ತಾರೆ. ಮಾತುಕತೆಯ ಮೇಜಿನ ಬಳಿ ಯಾರು ಇರಲಿಲ್ಲ ಎಂಬುದು ಸಂಧಾನದ ಪ್ರತಿ ಅಧ್ಯಯನದಲ್ಲೂ ನಾನು ಕೇಳುವ ಮೊದಲ ಪ್ರಶ್ನೆ.

ಸಹಿಯ ನಂತರದ ದಿನಗಳನ್ನು ಕಲಿಸುವುದು ಇದಕ್ಕಿಂತ ಕಷ್ಟ. ರುವಾಂಡಾದ ಸರ್ಕಾರ ಮತ್ತು ಬಂಡುಕೋರರು 1993ರ ಆಗಸ್ಟ್‌ನಲ್ಲಿ ತಾಂಜಾನಿಯಾದ ಅರುಷಾದಲ್ಲಿ ಒಪ್ಪಂದ ಮಾಡಿಕೊಂಡರು; ಎಂಟು ತಿಂಗಳಲ್ಲಿ ನರಮೇಧ ಆರಂಭವಾಯಿತು. ಅಧಿಕಾರ ಕಳೆದುಕೊಳ್ಳುವ ಭಯದಲ್ಲಿದ್ದ ಉಗ್ರ ಬಣ, ದುರ್ಬಲ ಶಾಂತಿಪಾಲನಾ ಪಡೆ, ದ್ವೇಷ ಹರಡಿದ ರೇಡಿಯೋ, ಇವನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಲು ನಮಗೆ ಹಲವು ವಾರಗಳೇ ಬೇಕಾಗುತ್ತವೆ. ಕೊಲಂಬಿಯಾದ ಕಥೆ ಬೇರೆ ಬಗೆಯದು. ಅಲ್ಲಿನ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ಒಪ್ಪಂದವನ್ನು 2016ರ ಅಕ್ಟೋಬರ್ 2ರ ಜನಮತಗಣನೆ ಅರ್ಧ ಶೇಕಡಕ್ಕೂ ಕಡಿಮೆ ಅಂತರದಲ್ಲಿ ತಿರಸ್ಕರಿಸಿತು, ಆದರೆ ಯುದ್ಧದ ಹೊಡೆತವನ್ನು ಹೆಚ್ಚು ಉಂಡಿದ್ದ ಹಲವು ಗ್ರಾಮೀಣ ಪ್ರದೇಶಗಳು ಒಪ್ಪಂದದ ಪರವಾಗಿಯೇ ಮತ ಹಾಕಿದ್ದವು. ತಿದ್ದಿದ ಒಪ್ಪಂದಕ್ಕೆ ನವೆಂಬರಿನಲ್ಲಿ ಸಹಿ ಬಿತ್ತು. ಅದರ ನೂರಾರು ಬದ್ಧತೆಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಕಾಗದದಲ್ಲೇ ಉಳಿಯಿತು ಎಂದು ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆ ಲೆಕ್ಕವಿಡುತ್ತ ಬಂದಿದೆ. ಸದ್ದಿಲ್ಲದ ಈ ಕೆಲಸವನ್ನು ನಾನು ಬಹಳ ಗೌರವಿಸುತ್ತೇನೆ.

ಕ್ಷೇತ್ರಕಾರ್ಯಕ್ಕೆ ಹೊರಡುವವರ ಬಗ್ಗೆ ನನಗೆ ಸದಾ ಆತಂಕ. ಸಂದರ್ಶನ ಕೊಟ್ಟವರ ಹೆಸರಿರುವ ಒಂದು ನೋಟ್‌ಪುಸ್ತಕ ತಪಾಸಣಾ ಠಾಣೆಯಲ್ಲಿ ಬೇರೆಯವರ ಕೈಗೆ ಸಿಕ್ಕರೆ ಅದರ ಬೆಲೆ ತೆರುವವರು ಸಂಶೋಧಕರಲ್ಲ. ಹೆಸರುಗಳನ್ನು ಸಂಕೇತಕ್ಕೆ ಬದಲಿಸುವುದು, ಸಂಕೇತದ ಕೀಲಿಯನ್ನು ಬೇರೆಡೆ ಇಡುವುದು, ಬೇಡವೆಂದಾಗ ರೆಕಾರ್ಡರ್ ಆರಿಸುವುದು, ಬೇರೆಯವರು ಈಗಾಗಲೇ ದಾಖಲಿಸಿರುವ ಸಂಕಟವನ್ನು ಮತ್ತೆ ಹೇಳಿಸದಿರುವುದು, ಇವು ನೈತಿಕ ಸಮಿತಿಯ ಅರ್ಜಿ ತುಂಬಿದ ಮಾತ್ರಕ್ಕೆ ಮೈಗೂಡುವುದಿಲ್ಲ. ಬೇರೆಯವರ ನೋವನ್ನು ತಿಂಗಳುಗಟ್ಟಲೆ ಕೇಳಿ ಮರಳಿದವರಿಗೆ ನಿದ್ರೆ ಬಾರದಿರುವುದನ್ನು ನಾನು ಕಂಡಿದ್ದೇನೆ. ಅಂಥವರಿಗೆ ಪ್ರಬಂಧದ ಗಡುವಿಗಿಂತ ಮೊದಲು ಆಪ್ತ ಸಮಾಲೋಚನೆ ಸಿಗಬೇಕು.

ಎಲ್ಲಿ ಓದಬೇಕು ಎಂದು ಕೇಳುವವರಿಗೆ ಮೊದಲು ಪಠ್ಯಕ್ರಮವನ್ನು ನೋಡಿ ಎನ್ನುತ್ತೇನೆ. ಉಪ್ಸಲಾದ ವಿಭಾಗ ಸಂಶೋಧನಾ ವಿಧಾನಗಳಿಗೆ ಹೆಸರಾದದ್ದು. 1973ರಲ್ಲಿ ಕ್ವೇಕರರ ನೆರವಿನಿಂದ ಆರಂಭವಾದ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ವಿಭಾಗಕ್ಕೆ ಪ್ರಾಯೋಗಿಕ ಕೆಲಸ ಮತ್ತು ಚಿಂತನೆ ಎರಡನ್ನೂ ಬೆಸೆಯುವ ಪರಂಪರೆಯಿದೆ. ಕೋಸ್ಟರಿಕಾದಲ್ಲಿ ವಿಶ್ವಸಂಸ್ಥೆಯ ಮಹಾಸಭೆ 1980ರಲ್ಲಿ ಸ್ಥಾಪಿಸಿದ ಶಾಂತಿ ವಿಶ್ವವಿದ್ಯಾಲಯವಿದೆ. ರೋಟರಿಯ ಶಾಂತಿ ಫೆಲೋಶಿಪ್‌ಗೆ ಅರ್ಜಿ ಹಾಕುವವರಿಗೆ ಕ್ಷೇತ್ರಾನುಭವ ಇರಬೇಕು, ಅದು ಸರಿಯಾದ ನಿಯಮವೆಂದೇ ನನ್ನ ಭಾವನೆ. ಸಂಖ್ಯಾಶಾಸ್ತ್ರವನ್ನಾಗಲಿ ಸಂದರ್ಶನ ವಿಧಾನವನ್ನಾಗಲಿ ಕಡ್ಡಾಯ ಮಾಡದ ಕಾರ್ಯಕ್ರಮದಿಂದ ದೂರವಿರಿ. ತಾವು ಅಧ್ಯಯನ ಮಾಡಲಿರುವ ಪ್ರದೇಶದ ಭಾಷೆಯನ್ನು ಪ್ರವೇಶಕ್ಕೂ ಮುಂಚೆಯೇ ಕಲಿಯಲು ತೊಡಗಿ. ಎರಡು ವರ್ಷದ ಪದವಿಯೊಳಗೆ ಅದಕ್ಕೆ ಬಿಡುವು ಸಿಗುವುದಿಲ್ಲ.

ನನ್ನ ತರಗತಿಯ ಮೊದಲ ವಾರದ ಅಭ್ಯಾಸ ಒಂದೇ: ನಿಮ್ಮ ಮನಸ್ಸನ್ನು ಅತಿ ಹೆಚ್ಚು ಕಲಕಿದ ಸಂಘರ್ಷವನ್ನು ಆಯ್ದುಕೊಂಡು, ನಿಮಗೆ ಒಪ್ಪಿಗೆಯಾಗದ ಪಕ್ಷದ ವಾದವನ್ನು ಆ ಪಕ್ಷದವರೇ ಓದಿ ಹೌದು, ನಾವು ಹೇಳುವುದು ಇದನ್ನೇ ಎನ್ನುವಂತೆ ಎರಡು ಪುಟ ಬರೆಯಿರಿ. ಕೆಲವರು ಮೊದಲ ಪುಟದ ನಡುವಿನಲ್ಲೇ ನಿಲ್ಲಿಸುತ್ತಾರೆ. ಆ ಹಾಳೆಗಳಿಗೆ ನಾನು ಅಂಕ ಕೊಡುವುದಿಲ್ಲ; ಎತ್ತಿಟ್ಟುಕೊಂಡು, ಕೊನೆಯ ಸೆಮಿಸ್ಟರಿನಲ್ಲಿ ಮುಂದುವರಿಸಲು ಅವರ ಕೈಗೇ ಮರಳಿಸುತ್ತೇನೆ.