ಕೈ ಎತ್ತಿದರೆ ಕಾನೂನಾಗುತ್ತಿರಲಿಲ್ಲ

ಅಥೆನ್ಸಿನ ಪ್ರಜಾಪ್ರಭುತ್ವ ಅಂದರೆ ಎಲ್ಲರ ತಲೆಯಲ್ಲೂ ಒಂದೇ ಚಿತ್ರ. ಪ್ನಿಕ್ಸ್ ಗುಡ್ಡದ ಮೇಲೆ ಸಾವಿರಾರು ಜನ, ಒಬ್ಬನ ಭಾಷಣ, ಎತ್ತಿದ ಕೈಗಳು, ಕಾನೂನು ಪಾಸ್! ಕ್ರಿ.ಪೂ. 5ನೇ ಶತಮಾನಕ್ಕೆ ಇದು ಹೆಚ್ಚೂಕಡಿಮೆ ಸರಿ. (ಹೆಂಗಸರು, ಗುಲಾಮರು, ವಲಸಿಗರು ಆ ಗುಡ್ಡ ಹತ್ತುವ ಹಾಗಿರಲಿಲ್ಲ, ಅದು ಗೊತ್ತಿರುವ ವಿಷಯವೇ.) ಆದರೆ ಆಮೇಲೆ ಆದದ್ದನ್ನು ಯಾರೂ ಹೇಳುವುದೇ ಇಲ್ಲ.

ಕ್ರಿ.ಪೂ. 406ರಲ್ಲಿ ಅರ್ಗಿನುಸೇ ದ್ವೀಪಗಳ ಬಳಿ ಅಥೆನ್ಸ್ ನೌಕಾಯುದ್ಧ ಗೆದ್ದಿತು. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ನಾವಿಕರನ್ನು ಕಾಪಾಡಲಿಲ್ಲ ಎಂದು ಸಿಟ್ಟಿಗೆದ್ದ ಸಭೆ, ಗೆದ್ದ ಸೇನಾಪತಿಗಳಿಗೆಲ್ಲ ಒಟ್ಟಿಗೇ ಮರಣದಂಡನೆ ಹಾಕಿತು. ಊರಿಗೆ ಮರಳಿದ್ದ ಆರು ಜನ ಸತ್ತರು. ಸಭೆಯ ಮೇಲ್ವಿಚಾರಕರಲ್ಲಿ ಒಬ್ಬನಾಗಿದ್ದ ಸಾಕ್ರಟೀಸ್ ಇದು ಕಾನೂನಿಗೆ ವಿರುದ್ಧ ಎಂದ. ಕೇಳುವವರು ಯಾರು? ಸ್ವಲ್ಪ ದಿನಕ್ಕೆ ಊರೇ ಪಶ್ಚಾತ್ತಾಪ ಪಟ್ಟಿತು.

ಮುಂದೆ ಸ್ಪಾರ್ಟಾ ವಿರುದ್ಧದ ಯುದ್ಧ ಸೋತು, ಮೂವತ್ತು ಜನರ ಸರ್ವಾಧಿಕಾರ ಬಂದು ಹೋಗಿ, 403ರಲ್ಲಿ ಪ್ರಜಾಪ್ರಭುತ್ವ ಮರಳಿತು. ಆಗ ಅವರು ಒಂದು ಜಾಣತನದ ಕೆಲಸ ಮಾಡಿದರು. ಯುದ್ಧ, ಸಂಧಿಯಂಥ ನಿರ್ಣಯಗಳನ್ನು ಸಭೆಗೇ ಬಿಟ್ಟರು. ಕಾಯಂ ಕಾನೂನನ್ನು ಮಾತ್ರ ಅದರ ಕೈಯಿಂದ ತೆಗೆದು, ಪ್ರಮಾಣವಚನ ಮಾಡಿದ ನ್ಯಾಯದರ್ಶಿಗಳ ಒಂದು ತಂಡಕ್ಕೆ ಕೊಟ್ಟರು. ಒಂದು ಸಲ ಈ ತಂಡದಲ್ಲಿ 1001 ಜನ ಇದ್ದರು. ಹೊಸ ಕಾನೂನು ಬೇಕು ಅನ್ನುವವನು ಅದನ್ನು ಹಲಗೆಯ ಮೇಲೆ ಬರೆದು ಊರಿಗೆಲ್ಲ ಕಾಣುವಂತೆ ಮಾರುಕಟ್ಟೆಯಲ್ಲಿ ಇಡಬೇಕು. ಹಳೆಯ ಕಾನೂನು ಆರೋಪಿಯ ಜಾಗದಲ್ಲಿ ನಿಲ್ಲುತ್ತದೆ. ಅದರ ಪರವಾಗಿ ವಾದಿಸಲು ಊರೇ ಐದು ಜನರನ್ನು ಆರಿಸುತ್ತದೆ!

ಅಲ್ಲಿಗೂ ಮುಗಿಯಲಿಲ್ಲ. ಪಾಸಾದ ಕಾನೂನಿನ ಮೇಲೆ ಯಾವ ಪ್ರಜೆ ಬೇಕಾದರೂ ಕೇಸು ಹಾಕಬಹುದು. ಆ ನ್ಯಾಯಾಲಯದಲ್ಲಿ ಕೂರುವವರನ್ನು ಆರಿಸುತ್ತಿದ್ದ ಕಲ್ಲಿನ ಯಂತ್ರ ನನಗೆ ಬಲು ಇಷ್ಟ. ನೆಟ್ಟಗೆ ನಿಂತ ಚಪ್ಪಡಿ, ಅದರ ಮೇಲೆ ಐದು ಕಂಬಸಾಲುಗಳಲ್ಲಿ ಸಣ್ಣ ಸಣ್ಣ ಸೀಳುಗಳು. ಪ್ರತಿಯೊಬ್ಬನ ಹತ್ತಿರವೂ ಅವನ ಹೆಸರು, ಅಪ್ಪನ ಹೆಸರು, ಊರು ಕೊರೆದ ಪಟ್ಟಿ ಇರುತ್ತಿತ್ತು, ಹೆಚ್ಚುಕಡಿಮೆ ನಮ್ಮ ವೋಟರ್ ಕಾರ್ಡಿನ ಹಾಗೆ. ಬೆಳಿಗ್ಗೆ ಬಂದವರ ಪಟ್ಟಿಗಳನ್ನು ಸೀಳುಗಳಿಗೆ ತೂರಿಸುತ್ತಿದ್ದರು. ಪಕ್ಕದ ಕೊಳವೆಗೆ ಕಪ್ಪು, ಬಿಳಿ ಗೋಲಿಗಳನ್ನು ಸುರಿಯುತ್ತಿದ್ದರು. ಕೆಳಗೆ ಒಂದೊಂದೇ ಗೋಲಿ ಬೀಳಬೇಕು. ಬಿಳಿ ಬಿದ್ದರೆ ಮೇಲಿನ ಅಡ್ಡಸಾಲಿನ ಐದೂ ಜನ ಒಳಕ್ಕೆ. ಕಪ್ಪು ಬಿದ್ದರೆ ಐದೂ ಜನ ಮನೆಗೆ. ಮುಂದಿನ ಗೋಲಿ ಮುಂದಿನ ಸಾಲಿಗೆ. ಐದು ಜನಕ್ಕೊಂದು ಬಿಳಿ ಗೋಲಿ, ಲೆಕ್ಕ ಅಷ್ಟೇ. ಲಂಚ ಕೊಡೋಣ ಅಂದರೆ ಯಾರಿಗೆ ಕೊಡಬೇಕು? ಒಳಗೆ ಕೂರುವವರು ಯಾರೆಂದು ಅವರಿಗೇ ಗೊತ್ತಿಲ್ಲ, ಅಲ್ವಾ!

ಕಾನೂನು ತಂದವನನ್ನು ಒಂದು ವರ್ಷದೊಳಗೆ ಹಿಡಿದರೆ ಅವನಿಗೂ ಶಿಕ್ಷೆ. ವರ್ಷ ದಾಟಿದರೆ ಕಾನೂನು ಮಾತ್ರ ಸಿಕ್ಕಿಬೀಳುತ್ತದೆ. ಊರಿನ ಹಬ್ಬಗಳ ಖರ್ಚು ಹೊರುವ ಹೊಣೆಯಿಂದ ಕೆಲವರಿಗಿದ್ದ ವಿನಾಯಿತಿ ರದ್ದು ಮಾಡಿದ್ದ ಲೆಪ್ಟಿನೀಸ್ 355ರಲ್ಲಿ ಹೀಗೇ ಬಚಾವಾದ. ಅವನ ಕಾನೂನಿನ ವಿರುದ್ಧ ಹೆಸರಾಂತ ವಾಗ್ಮಿ ಡೆಮಾಸ್ತನೀಸ್ ವಾದಿಸಿದ. ಪರವಾಗಿ ವಾದಿಸಲು ಊರು ಆರಿಸಿದ್ದ ಐವರಲ್ಲಿ ಲೆಪ್ಟಿನೀಸನೂ ಒಬ್ಬ.