ಪದ ಪರಿಚಯ: ಗುರುವಿನ ಕಾಂತಗೋಳ

ಗುರುಗ್ರಹದ ಸುದ್ದಿ ಬಂದಾಗಲೆಲ್ಲ ‘ಅದರ ಕಾಂತಗೋಳವೆಂಬ ರಕ್ಷಾಕವಚ’ ಎಂಬ ಮಾತೂ ಬೆನ್ನಿಗೇ ಬರುತ್ತದೆ. ಭೂಮಿಯ ಬಗ್ಗೆ ಬರೆದ ವಾಕ್ಯದಲ್ಲಿ ಗ್ರಹದ ಹೆಸರು ಮಾತ್ರ ಬದಲಿಸಿದರೆ ಹೀಗಾಗುತ್ತದೆ. ಸೌರ ಮಾರುತವನ್ನು, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳ ಪ್ರವಾಹವನ್ನು, ಗುರುವಿನ ಕಾಂತಗೋಳವೂ ಬದಿಗೆ ಸರಿಸುತ್ತದೆ, ನಿಜ. ಹಾಗೆಂದು ಒಳಗಿರುವುದು ನೆಮ್ಮದಿಯ ಜಾಗ ಎಂದುಕೊಂಡರೆ ಎಲ್ಲವೂ ತಲೆಕೆಳಗು.

ಕಾಂತಕ್ಷೇತ್ರವೇ ಬೇರೆ, ಕಾಂತಗೋಳವೇ ಬೇರೆ. ಗುರುವಿನ ಆಳದಲ್ಲಿ, ಒತ್ತಡಕ್ಕೆ ಸಿಕ್ಕಿ ಲೋಹದಂತಾದ ಹೈಡ್ರೋಜನ್ ಕದಡುವುದರಿಂದ ಹುಟ್ಟುವುದು ಕಾಂತಕ್ಷೇತ್ರ. ವಿದ್ಯುದಾವೇಶ ಹೊತ್ತ ಕಣಗಳು ಸೂರ್ಯನ ಮಾತು ಬಿಟ್ಟು ಆ ಕ್ಷೇತ್ರದ ಮಾತು ಕೇಳುವಷ್ಟು ಪ್ರದೇಶ, ಒಳಗಿನ ಪ್ಲಾಸ್ಮಾ (ಅಂಥ ಕಣಗಳ ಅನಿಲ) ಸಮೇತ, ಕಾಂತಗೋಳ. ಅದು ಗೋಳಾಕಾರವಾಗಿಯೂ ಇಲ್ಲ. ಸೂರ್ಯನ ಕಡೆಯ ಗಡಿ ಸೌರ ಮಾರುತದ ಒತ್ತಡಕ್ಕೆ ತಕ್ಕಂತೆ ಗುರುವಿನ ತ್ರಿಜ್ಯದ ಸುಮಾರು 45ರಿಂದ 100 ಪಟ್ಟು ದೂರದ ನಡುವೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಹಿಂಬದಿಯ ಬಾಲ ಶನಿಯ ಕಕ್ಷೆಯವರೆಗೂ ಚಾಚುತ್ತದೆ. ಚೆಂಡಿನಂತೆ ಚಿತ್ರ ಬರೆಯುವವರು ಇದನ್ನಾದರೂ ಗಮನಿಸಲಿ.

ಭೂಮಿಯ ಕಾಂತಗೋಳವನ್ನು ಕೆಣಕುವುದು ಬಹುಮಟ್ಟಿಗೆ ಸೂರ್ಯ. ಗುರುವಿನಲ್ಲಿ ಸರಕೂ ಒಳಗಿನದೇ, ಚಾಲಕಶಕ್ತಿಯೂ ಒಳಗಿನದೇ. ಸರಕು ಪೂರೈಸುವುದು ಅಯೋ ಎಂಬ ಉಪಗ್ರಹ. ಅದರ ಜ್ವಾಲಾಮುಖಿಗಳಿಂದ ಬಂದ ಗಂಧಕದ ಡೈಆಕ್ಸೈಡ್ ಸೆಕೆಂಡಿಗೆ ಸುಮಾರು ಒಂದು ಟನ್ನಿನಂತೆ ಅಯೋದ ಹಿಡಿತ ತಪ್ಪಿಸಿಕೊಳ್ಳುತ್ತದೆ, ಒಡೆದು ಗಂಧಕ ಮತ್ತು ಆಮ್ಲಜನಕದ ಅಯಾನುಗಳಾಗುತ್ತದೆ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳಾಗುತ್ತದೆ. ಗುರು ತನ್ನ ಸುತ್ತ ತಿರುಗಲು ಹತ್ತು ಗಂಟೆಯೂ ಬೇಡ. ಅದರ ಕಾಂತಕ್ಷೇತ್ರ ಈ ಅಯಾನುಗಳನ್ನೂ ಜೊತೆಗೆಳೆದುಕೊಂಡು ಸುತ್ತುತ್ತದೆ. ಅಯೋ ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಸಾಗುವ ಅದೇ ಹಾದಿಯಲ್ಲಿ ಪ್ಲಾಸ್ಮಾದ ಓಟ ಸುಮಾರು 74 ಕಿಲೋಮೀಟರ್. ಹಾಗಾಗಿ ಅದು ಅಯೋವನ್ನು ಹಿಂದಿನಿಂದ ಬಂದು ಗುದ್ದುತ್ತದೆ! ಆ ತಿಕ್ಕಾಟದ ವಿದ್ಯುತ್ ಪ್ರವಾಹ ಕಾಂತರೇಖೆಗಳ ಗುಂಟ ಇಳಿದು ಗುರುವಿನ ಧ್ರುವಪ್ರಭೆಯಲ್ಲಿ (ಧ್ರುವಗಳ ಬಳಿಯ ಬೆಳಕಿನಲ್ಲಿ) ಒಂದು ಪ್ರಕಾಶಮಾನ ಚುಕ್ಕೆಯಾಗುತ್ತದೆ. ಅಯೋ ಸರಿದಂತೆ ಚುಕ್ಕೆಯೂ ಸರಿಯುತ್ತದೆ. ಇದರ ಸುಳಿವು ಹಳೆಯದು: ಗುರುವಿನಿಂದ ರೇಡಿಯೋ ಅಲೆಗಳು ಬರುತ್ತಿವೆಯೆಂದು ವಿಜ್ಞಾನಿಗಳಾದ ಬರ್ಕ್ ಮತ್ತು ಫ್ರಾಂಕ್ಲಿನ್ 1955ರಲ್ಲಿ ಕಂಡುಕೊಂಡರು, ಅವುಗಳ ಅಬ್ಬರ ಅಯೋ ಎಲ್ಲಿದೆ ಎಂಬುದನ್ನು ಅವಲಂಬಿಸಿದೆಯೆಂದು 1964ರಲ್ಲಿ ತಿಳಿಯಿತು. ಜ್ವಾಲಾಮುಖಿಗಳು ಕಣ್ಣಿಗೆ ಬಿದ್ದದ್ದು 1979ರಲ್ಲಿ, ವಾಯೇಜರ್ 1 ನೌಕೆ ಹೋದಾಗ.

ಕವಚ ಎಂಬ ಪದ ಬೇಕೇಬೇಕೆಂದರೆ ಗ್ಯಾನಿಮೀಡ್‌ಗೆ ಬಳಸಿ. ಆ ಉಪಗ್ರಹಕ್ಕೆ ಸ್ವಂತ ಕಾಂತಕ್ಷೇತ್ರವಿದೆ ಎಂದು 1996ರಲ್ಲಿ ಗೆಲಿಲಿಯೋ ನೌಕೆ ಪತ್ತೆಹಚ್ಚಿತು. ಗುರುವಿನ ಕಾಂತಗೋಳದೊಳಗೆ ಅದರದೊಂದು ಪುಟ್ಟ ಕಾಂತಗೋಳ. ಸಮಭಾಜಕದ ಸುತ್ತಿನ ನೆಲಕ್ಕೆ ಅದು ಆಸರೆ ಕೊಡುತ್ತದೆ, ಯಾರಿಂದ ಅಂದರೆ ಗುರುವಿನ ಪ್ಲಾಸ್ಮಾದಿಂದಲೇ.

ಇನ್ನು ‘ಕುದಿಯುವ ಪ್ಲಾಸ್ಮಾ ಸಾಗರ’ ಎಂಬ ಬಣ್ಣನೆ. ಅಯೋದ ಕಕ್ಷೆಯ ಸುತ್ತ ಅಯಾನುಗಳ ಉಷ್ಣತೆ ಲಕ್ಷ ಡಿಗ್ರಿಗಳ ಲೆಕ್ಕದಲ್ಲಿದೆ, ಒಪ್ಪಿದೆ. ಆದರೆ ದಟ್ಟವಾಗಿರುವಲ್ಲೂ ಘನ ಸೆಂಟಿಮೀಟರಿಗೆ ಕೆಲವೇ ಸಾವಿರ ಕಣ! ಅಲ್ಲಿ ನೌಕೆ ಕರಗಿಹೋಗುವುದಿಲ್ಲ. ಅದನ್ನು ಕೆಡಿಸುವುದು ಬೆಳಕಿನ ವೇಗದ ಹತ್ತಿರಕ್ಕೆ ಬಂದ, ಸಂಖ್ಯೆಯಲ್ಲಿ ಇನ್ನೂ ಕಡಿಮೆಯಾದ ಎಲೆಕ್ಟ್ರಾನುಗಳು. ಅವು ಲೋಹದೊಳಕ್ಕೂ ತೂರಿ ಇಲೆಕ್ಟ್ರಾನಿಕ್ ಭಾಗಗಳನ್ನು ಹಾಳುಮಾಡುತ್ತವೆ. ಗುರುವನ್ನು ಸುತ್ತಲು ಹೋದ ಜೂನೋ ನೌಕೆ ತನ್ನ ಸೂಕ್ಷ್ಮ ಉಪಕರಣಗಳನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಟೈಟೇನಿಯಂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದದ್ದು ಇದಕ್ಕೇ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ, ತಾನು ನೋಡಬೇಕಾದ ಯುರೋಪಾ ಎಂಬ ಗುರುವಿನ ಉಪಗ್ರಹದ ಸುತ್ತ ತಿರುಗುವುದೂ ಇಲ್ಲ. ಗುರುವನ್ನು ದೊಡ್ಡದಾಗಿ ಸುತ್ತುಹಾಕುತ್ತ, ಪ್ರತಿ ಸಲ ಯುರೋಪಾದ ಪಕ್ಕ ಹಾದು, ನೋಡುವುದನ್ನು ನೋಡಿಕೊಂಡು, ಪ್ರಬಲ ವಿಕಿರಣದಿಂದ ಬೇಗ ಹೊರಬೀಳುವಂತೆ ಅದರ ಹಾದಿಯನ್ನು ಹಾಕಿದ್ದಾರೆ.